ಇರುಳು ಹಗಲು ಓಡಿದ ಬಂಡಿ: ಬ್ರೂಸ್ ಮೆಕ್‌ಲಾರೆನ್ ಬದುಕು ಮತ್ತು ಜಿಟಿ40ರ ಹುಟ್ಟು

ಮೆಕ್‌ಲಾರೆನ್ ಎಂಬ ಹೆಸರು ನಮ್ಮ ಗಡಿನಾಡಿನ ಕನ್ನಡ ಶಾಲೆಗಳ ಮಕ್ಕಳಿಗೂ ಅಪರಿಚಿತವಲ್ಲ. ಕಿತ್ತಳೆ ಬಣ್ಣದ ಆ ಕಾರಿನ ಚಿತ್ರವನ್ನು ನೋಟು ಪುಸ್ತಕದ ಹೊದಿಕೆಗೆ ಅಂಟಿಸಿಕೊಂಡವರನ್ನೂ ಮೊಬೈಲಿನ ಆಟದಲ್ಲಿ ಅದನ್ನು ಓಡಿಸಿ ಗೆದ್ದೆವೆಂದು ಬೀಗುವವರನ್ನೂ ನಾವು ತರಗತಿಗಳಲ್ಲಿ ಕಾಣುತ್ತೇವೆ. ಆದರೆ ಅದು ಒಬ್ಬ ಮನುಷ್ಯನ ಹೆಸರೆಂಬುದು, ಒಂಬತ್ತನೆಯ ವಯಸ್ಸಿನಲ್ಲಿ ನಡೆಯಲಾಗದೆ ಮಲಗಿದ್ದಲ್ಲೇ ಸುಮಾರು ಎರಡು ವರ್ಷ ಕಳೆದ ಬಾಲಕನೊಬ್ಬನ ಹೆಸರೆಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು. ಆ ಬಾಲಕನ ಬದುಕನ್ನೂ, ಅವನು ದೊಡ್ಡವನಾದ ಮೇಲೆ ರೂಪಿಸಲು ನೆರವಾದ ಒಂದು ಪ್ರಸಿದ್ಧ ಓಟದ ಬಂಡಿಯ ಹುಟ್ಟನ್ನೂ ಮಕ್ಕಳೂ ಮನೆಯವರೂ ಒಟ್ಟಿಗೆ ಕುಳಿತು ಓದಲೆಂದು ಇಲ್ಲಿ ನಿರೂಪಿಸುತ್ತಿದ್ದೇವೆ.

ಮೋಟಾರು ಓಟ ನಮ್ಮ ನೆಲಕ್ಕೆ ಪೂರ್ತಿ ಹೊರಗಿನದೇನೂ ಅಲ್ಲ. ನಮ್ಮದೇ ಜಿಲ್ಲೆಯ ಮೊಗ್ರಾಲಿನ ಮೂಸಾ ಶರೀಫ್ ಅವರು ರಾಷ್ಟ್ರಮಟ್ಟದ ರ‍್ಯಾಲಿಗಳಲ್ಲಿ ಗೌರವ್ ಗಿಲ್ ಅವರ ಪಕ್ಕದಲ್ಲಿ ಕುಳಿತು ದಾರಿ ಹೇಳುವ ಸಹಚಾಲಕರಾಗಿ ಹಲವು ಪ್ರಶಸ್ತಿಗಳಲ್ಲಿ ಪಾಲು ಪಡೆದವರು. ಸ್ಟಿಯರಿಂಗ್ ಹಿಡಿದವರೊಬ್ಬರೇ ಗೆಲ್ಲುವುದಿಲ್ಲವೆಂಬುದಕ್ಕೆ ಅವರೇ ಸಾಕ್ಷಿ. ಈ ಮಾತು ಮುಂದಿನ ಕಥೆಯುದ್ದಕ್ಕೂ ನೆನಪಿನಲ್ಲಿರಬೇಕು.

ಗ್ಯಾರೇಜಿನ ಮೇಲಿನ ಮನೆ

ಬ್ರೂಸ್ ಲೆಸ್ಲಿ ಮೆಕ್‌ಲಾರೆನ್ ಹುಟ್ಟಿದ್ದು 1937ರ ಆಗಸ್ಟ್ 30ರಂದು, ನ್ಯೂಜಿಲೆಂಡ್ ದೇಶದ ಆಕ್ಲೆಂಡ್ ನಗರದಲ್ಲಿ. ಭೂಪಟದಲ್ಲಿ ಬೆರಳಿಟ್ಟು ಹುಡುಕಬೇಕಾದ ಪುಟ್ಟ ದೇಶವದು. 1960ರ ದಶಕದ ನಡುವಿನಲ್ಲಿಯೂ ಅದರ ಜನಸಂಖ್ಯೆ ಸುಮಾರು 27 ಲಕ್ಷ ಮಾತ್ರ. ಕಾರು ತಯಾರಿಕೆಯ ದೊಡ್ಡ ಕಾರ್ಖಾನೆಗಳೂ ಹೆಸರಾಂತ ಓಟದ ತಂಡಗಳೂ ಅಲ್ಲಿಂದ ಸಾಗರಗಳಾಚೆ ಯುರೋಪಿನಲ್ಲಿ, ಅಮೆರಿಕದಲ್ಲಿ ಇದ್ದವು. ತಂದೆ ಲೆಸ್ ಅವರು ರೆಮ್ಯುವೇರಾ ಎಂಬ ಬಡಾವಣೆಯಲ್ಲಿ ಪೆಟ್ರೋಲ್ ಬಂಕನ್ನೂ ವಾಹನ ದುರಸ್ತಿಯ ಗ್ಯಾರೇಜನ್ನೂ ನಡೆಸುತ್ತಿದ್ದರು. ಯೌವನದಲ್ಲಿ ಮೋಟಾರು ಸೈಕಲ್ ಓಟಗಳಲ್ಲಿ ಭಾಗವಹಿಸಿದವರು. ಗ್ಯಾರೇಜಿನ ಮೇಲೆಯೇ ಮನೆ. ಎಣ್ಣೆಯ ವಾಸನೆ, ಸ್ಪ್ಯಾನರಿನ ಸದ್ದು, ಬಿಚ್ಚಿಟ್ಟ ಎಂಜಿನ್ನುಗಳ ನಡುವೆ ಬ್ರೂಸ್ ಬೆಳೆದನು.

ಒಂಬತ್ತು ವರ್ಷವಾದಾಗ ಮಗು ಕುಂಟತೊಡಗಿತು. ಪರೀಕ್ಷಿಸಿದ ವೈದ್ಯರು ಅದು ಪರ್ಥೀಸ್ ಎಂಬ ಕಾಯಿಲೆಯೆಂದು ಗುರುತಿಸಿದರು. ತೊಡೆಯೆಲುಬಿನ ಮೇಲ್ತುದಿ ಸೊಂಟದ ಕೀಲಿನೊಳಗೆ ಕೂರುವಲ್ಲಿ ರಕ್ತದ ಪೂರೈಕೆ ಕುಂದಿ ಎಲುಬು ಮೆತ್ತಗಾಗುವ ಕಾಯಿಲೆಯಿದು. ಬೆಳೆಯುವ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಆ ಕಾಲದಲ್ಲಿ ಇದಕ್ಕಿದ್ದ ಮುಖ್ಯ ಚಿಕಿತ್ಸೆಯೆಂದರೆ ಕಾಲಿಗೆ ಭಾರ ಬೀಳದಂತೆ ತಿಂಗಳುಗಟ್ಟಲೆ ಮಲಗಿಸಿಡುವುದು. ಆಕ್ಲೆಂಡಿನ ಟಾಕಪುನಾದಲ್ಲಿದ್ದ ವಿಲ್ಸನ್ ಹೋಮ್ ಎಂಬ ಮಕ್ಕಳ ಆರೈಕೆಯ ಮನೆಗೆ ಬ್ರೂಸನನ್ನು ಸೇರಿಸಿದರು. ಚಕ್ರಗಳಿದ್ದ ಚೌಕಟ್ಟಿನ ಮೇಲೆ ಕಾಲನ್ನು ಬಿಗಿದು ಮಲಗಿಸಿದರು. ಮುಂದೆ ನಡೆಯಬಲ್ಲನೋ ಇಲ್ಲವೋ ಎಂಬ ಅಳುಕು ಹೆತ್ತವರನ್ನು ಕಾಡಿತ್ತು. ಮಕ್ಕಳು ಮಾತ್ರ ಆ ಚಕ್ರದ ಮಂಚಗಳನ್ನೇ ಗಾಡಿಗಳನ್ನಾಗಿಸಿಕೊಂಡು ಕಣ್ತಪ್ಪಿಸಿ ಪಂದ್ಯ ಕಟ್ಟುತ್ತಿದ್ದರಂತೆ.

ಸುಮಾರು ಎರಡು ವರ್ಷಗಳ ಬಳಿಕ ಬ್ರೂಸ್ ಮನೆಗೆ ಮರಳಿದನು. ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿಯೇ ಉಳಿಯಿತು. ಬದುಕಿನ ಕೊನೆಯ ದಿನದವರೆಗೂ ಅವನ ನಡಿಗೆಯಲ್ಲಿ ಆ ಕುಂಟು ಇತ್ತು. ಮೈದಾನದ ಆಟಗಳಿಂದ ದೂರವಿರಬೇಕಾದ ಹುಡುಗನಿಗೆ ತಂದೆಯ ಗ್ಯಾರೇಜೇ ಮೈದಾನವಾಯಿತು. ದೇಹದ ಒಂದು ಕೊರತೆಯನ್ನೇ ನೋಡಿ ಮಗುವಿನ ಭವಿಷ್ಯವನ್ನು ಅಳೆದುಬಿಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಆಟೋಟದ ದಿನ ಮೂಲೆಯ ಬೆಂಚಿನಲ್ಲಿ ಕೂರಿಸಲ್ಪಡುವ ಮಕ್ಕಳು ನಮ್ಮ ಶಾಲೆಗಳಲ್ಲಿಯೂ ಇದ್ದಾರೆ. ಅಂಥ ಮಗುವಿನ ಕೈಗೆ ಏನನ್ನು ಕೊಡುತ್ತೇವೆ ಎಂಬುದು ನಮ್ಮೆಲ್ಲರ ಮುಂದಿರುವ ಪ್ರಶ್ನೆ. ಲೆಸ್ ಮೆಕ್‌ಲಾರೆನ್ ತಮ್ಮ ಮಗನ ಕೈಗೆ ಸ್ಪ್ಯಾನರ್ ಕೊಟ್ಟರು.

ಬಿಡಿಭಾಗಗಳ ರಾಶಿಯಿಂದ ಒಂದು ಕಾರು

ಬ್ರೂಸನಿಗೆ ಹದಿಮೂರು ದಾಟುವ ಹೊತ್ತಿಗೆ ಲೆಸ್ ಒಂದು ಹಳೆಯ ಆಸ್ಟಿನ್ ಸೆವೆನ್ ಅಲ್ಸ್ಟರ್ ಕಾರನ್ನು ಕೊಂಡರು. ಅದು ಕಾರಾಗಿ ಬರಲಿಲ್ಲ, ಬಿಡಿಭಾಗಗಳ ರಾಶಿಯಾಗಿ ಬಂದಿತು. ತಂದೆ ಮಗ ಕೂಡಿ ಅದನ್ನು ಜೋಡಿಸಿದರು. ಎಂಜಿನ್ 750 ಸಿಸಿಯಷ್ಟೂ ಇರಲಿಲ್ಲ. ಇಂದಿನ ಸಣ್ಣ ಕಾರಿನ ಎಂಜಿನ್ನಿಗಿಂತ ಚಿಕ್ಕದು. ಜೋಡಿಸಿ ಓಡಿಸಿ ನೋಡಿದಾಗ ಅದರ ಬ್ರೇಕಾಗಲೀ ಹಿಡಿತವಾಗಲೀ ನಂಬುವಂತಿರಲಿಲ್ಲ. ತಂದೆಗೆ ಅದು ಸಾಕೆನಿಸಿ ಮಾರಿಬಿಡುವ ಮನಸ್ಸು ಮಾಡಿದರು. ಮಗ ಒಪ್ಪಲಿಲ್ಲ. ಸರಿಪಡಿಸುವ ಹೊಣೆ ತನ್ನದೆಂದು ಹಟ ಹಿಡಿದನು. ಹದಿನಾಲ್ಕನೆಯ ಹರೆಯದಲ್ಲಿ ಅದೇ ಕಾರಿನಲ್ಲಿ ಗುಡ್ಡ ಹತ್ತುವ ಸ್ಪರ್ಧೆಗೆ ಇಳಿದನು. ಆ ಪುಟ್ಟ ಆಸ್ಟಿನ್ ಇಂದು ಇಂಗ್ಲೆಂಡಿನಲ್ಲಿರುವ ಮೆಕ್‌ಲಾರೆನ್ ಕಂಪೆನಿಯ ಕೇಂದ್ರದಲ್ಲಿ, ಕೋಟಿಗಟ್ಟಲೆ ಬೆಲೆಯ ಕಾರುಗಳ ಸಾಲಿನಲ್ಲಿ ಗೌರವದಿಂದ ನಿಂತಿದೆ.

ಹೀಗೆ ಬಿಚ್ಚಿ ಜೋಡಿಸುತ್ತ ಕಲಿತ ಹುಡುಗ ಮುಂದೆ ಎಂಜಿನಿಯರಿಂಗ್ ಓದಲು ಸೇರಿದನು. ಓಟದ ಸೆಳೆತದಿಂದ ಓದು ಪೂರ್ಣವಾಗಲಿಲ್ಲ. ನ್ಯೂಜಿಲೆಂಡಿಗೆ ಓಟಕ್ಕೆಂದು ಬರುತ್ತಿದ್ದ ಆಸ್ಟ್ರೇಲಿಯದ ಜಾಕ್ ಬ್ರಭಾಮ್ ಅವರ ಕಣ್ಣಿಗೆ ಈ ತರುಣನ ಚಾಲನೆಯೂ ಯಂತ್ರಜ್ಞಾನವೂ ಬಿದ್ದವು. 1958ರಲ್ಲಿ ನ್ಯೂಜಿಲೆಂಡಿನ ಓಟಗಳ ಸಂಘಟಕರು ಒಂದು ಹೊಸ ಯೋಜನೆ ಆರಂಭಿಸಿದರು: ಭರವಸೆಯ ಒಬ್ಬ ಚಾಲಕನನ್ನು ಆರಿಸಿ ಯುರೋಪಿಗೆ ಕಳುಹಿಸುವುದು. ಮೊದಲ ಆಯ್ಕೆ ಬ್ರೂಸ್ ಅವರದಾಯಿತು. ಒಂದು ಚಿಕ್ಕ ಸಮುದಾಯ ತನ್ನ ಹುಡುಗನೊಬ್ಬನನ್ನು ನಂಬಿ ಹೊರಲೋಕಕ್ಕೆ ಕಳುಹಿಸಿದ ಆ ನಿರ್ಧಾರವಿಲ್ಲದಿದ್ದರೆ ಮುಂದಿನ ಯಾವುದೂ ಸಂಭವಿಸುತ್ತಿರಲಿಲ್ಲ.

ಇಂಗ್ಲೆಂಡಿನ ಕೂಪರ್ ತಂಡದ ಕಾರುಗಳಲ್ಲಿ ಅವರು ಓಡಿಸತೊಡಗಿದರು. ಎಂಜಿನನ್ನು ಚಾಲಕನ ಬೆನ್ನ ಹಿಂದೆ ಇಡುವ ವಿನ್ಯಾಸವನ್ನು ಫಾರ್ಮುಲಾ 1ರಲ್ಲಿ ಗೆಲ್ಲಿಸಿ ತೋರಿಸಿದ ತಂಡವದು. ಅದೇ 1958ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಎರಡು ದರ್ಜೆಯ ಕಾರುಗಳು ಒಟ್ಟಿಗೆ ಓಡಿದಾಗ, ಕೆಳದರ್ಜೆಯ ಕಾರಿನಲ್ಲಿದ್ದ ಬ್ರೂಸ್ ತಮ್ಮ ದರ್ಜೆಯಲ್ಲಿ ಮೊದಲಿಗರಾಗಿ, ಒಟ್ಟಾರೆ ಐದನೆಯವರಾಗಿ ಮುಗಿಸಿದರು. ಮರುವರ್ಷ, 1959ರ ಡಿಸೆಂಬರ್ 12ರಂದು, ಅಮೆರಿಕದ ಸೀಬ್ರಿಂಗ್‌ನಲ್ಲಿ ಕೊನೆಯ ಸುತ್ತಿನಲ್ಲಿ ಮುಂದಿದ್ದ ಬ್ರಭಾಮ್ ಅವರ ಕಾರಿನ ಇಂಧನ ಮುಗಿಯಿತು. ಬೆನ್ನಿಗಿದ್ದ ಬ್ರೂಸ್ ಗೆದ್ದರು. ಆಗ ಅವರ ವಯಸ್ಸು 22. ಅಷ್ಟು ಚಿಕ್ಕ ವಯಸ್ಸಿನಲ್ಲಿ ಗ್ರ್ಯಾಂಡ್ ಪ್ರಿ ಗೆದ್ದವರೆಂಬ ಆ ದಾಖಲೆ 2003ರವರೆಗೆ ಉಳಿಯಿತು. 1960ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಬ್ರಭಾಮ್ ಅವರ ನಂತರ ಎರಡನೆಯ ಸ್ಥಾನ ಪಡೆದರು. 1963ರಲ್ಲಿ ತಮ್ಮದೇ ಹೆಸರಿನ ಪುಟ್ಟ ತಂಡವನ್ನು ಕಟ್ಟಿದರು. ತಾಯ್ನಾಡಿನ ಹಾರಲಾರದ ಹಕ್ಕಿ ಕಿವಿಯನ್ನು ಅದರ ಲಾಂಛನದಲ್ಲಿ ಇರಿಸಿಕೊಂಡರು.

ಇರುಳಿಡೀ ನಡೆಯುವ ಓಟ

ಇನ್ನು ಆ ಪ್ರಸಿದ್ಧ ಬಂಡಿಯ ಕಥೆ. ಅದು ಯಾವ ಬಗೆಯ ಓಟಕ್ಕಾಗಿ ಹುಟ್ಟಿತೆಂಬುದನ್ನು ಮೊದಲು ತಿಳಿಯಬೇಕು. ನಮ್ಮ ಪೈವಳಿಕೆಯ ಕಂಬಳದಲ್ಲಿ ಕೋಣಗಳ ಜೋಡಿ ಕೆಲವೇ ಸೆಕೆಂಡುಗಳಲ್ಲಿ ಕರೆಯ ತುದಿ ಮುಟ್ಟುತ್ತದೆ. ಅದು ವೇಗದ ಸ್ಪರ್ಧೆ. ಯಕ್ಷಗಾನ ಬಯಲಾಟದ ಲೆಕ್ಕ ಬೇರೆ. ಚೌಕಿಪೂಜೆಯಿಂದ ಬೆಳಗಿನ ಮಂಗಳದವರೆಗೆ ಆಟ ಸಾಗಬೇಕಾದರೆ ಭಾಗವತರು ಬದಲಾಗಬೇಕು, ಚೆಂಡೆ ಮದ್ದಳೆಯವರು ಕೈ ಬದಲಾಯಿಸಿಕೊಳ್ಳಬೇಕು, ಮಧ್ಯರಾತ್ರಿಯ ತೂಕಡಿಕೆಯಲ್ಲಿಯೂ ತಾಳ ತಪ್ಪಬಾರದು. ಫ್ರಾನ್ಸಿನ ಲೆ ಮಾನ್ ಪಟ್ಟಣದ ಓಟ ಈ ಎರಡನೆಯ ಜಾತಿಯದು. 1923ರಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಸಾಮಾನ್ಯ ಸಂಚಾರದ ರಸ್ತೆಗಳನ್ನೇ ಮುಚ್ಚಿ ಸುಮಾರು 13 ಕಿಲೋಮೀಟರಿನ ಸುತ್ತನ್ನು ಮಾಡುತ್ತಿದ್ದರು. ಸಂಜೆಯಿಂದ ಮರುದಿನ ಸಂಜೆಯವರೆಗೆ, 24 ಗಂಟೆಗಳಲ್ಲಿ ಅತಿ ಹೆಚ್ಚು ದೂರ ಕ್ರಮಿಸಿದ ಕಾರಿಗೆ ಜಯ. ಆ ಕಾಲದಲ್ಲಿ ಒಂದು ಕಾರಿಗೆ ಇಬ್ಬರು ಚಾಲಕರು. ಒಬ್ಬರು ಓಡಿಸುವಾಗ ಇನ್ನೊಬ್ಬರಿಗೆ ವಿಶ್ರಾಂತಿ. ಮಳೆ ಬಂದರೂ ಮಂಜು ಕವಿದರೂ ಓಟ ನಿಲ್ಲದು. ಎಷ್ಟೇ ವೇಗದ ಕಾರಾದರೂ ನಡುರಾತ್ರಿ ಕೆಟ್ಟು ನಿಂತರೆ ಅಲ್ಲಿಗೆ ಮುಗಿಯಿತು.

1960ರಿಂದ 1965ರವರೆಗೆ ಸತತ ಆರು ವರ್ಷ ಲೆ ಮಾನ್ ಗೆದ್ದದ್ದು ಇಟಲಿಯ ಫೆರಾರಿ. 1963ರಲ್ಲಿ ಅಮೆರಿಕದ ಬೃಹತ್ ಕಾರು ಕಂಪೆನಿ ಫೋರ್ಡ್, ಫೆರಾರಿಯನ್ನೇ ಕೊಂಡುಕೊಳ್ಳಲು ಮಾತುಕತೆ ನಡೆಸಿತು. ಓಟದ ವಿಭಾಗದ ಹಿಡಿತ ಯಾರ ಕೈಯಲ್ಲಿರಬೇಕೆಂಬ ವಿಷಯದಲ್ಲಿ ಎಂಝೊ ಫೆರಾರಿ ಅವರು ಮಣಿಯಲಿಲ್ಲ, ಮಾತುಕತೆ ಮುರಿದುಬಿತ್ತು. ಹಣ ಕೊಟ್ಟು ಕೊಳ್ಳಲಾಗದ್ದನ್ನು ಓಟದಲ್ಲಿ ಸೋಲಿಸಿ ತೋರಿಸಬೇಕೆಂದು ಎರಡನೆಯ ಹೆನ್ರಿ ಫೋರ್ಡ್ ಅವರು ನಿರ್ಧರಿಸಿದರು. ಆದರೆ ದಿನಕ್ಕೆ ಸಾವಿರಾರು ಕಾರುಗಳನ್ನು ತಯಾರಿಸುವ ಕಂಪೆನಿಗೆ ಅಂಥ ಒಂದು ಕಾರನ್ನು ಮಾಡುವ ವಿದ್ಯೆ ತಿಳಿದಿರಲಿಲ್ಲ. ಹಾಗಾಗಿ ಇಂಗ್ಲೆಂಡಿನ ಸಣ್ಣ ಸಂಸ್ಥೆ ಲೋಲಾದ ವಿನ್ಯಾಸಕ ಎರಿಕ್ ಬ್ರಾಡ್ಲಿ ಅವರ ಬಾಗಿಲಿಗೆ ಫೋರ್ಡ್ ಹೋಯಿತು. ಅವರು ಆಗಲೇ ಫೋರ್ಡಿನ ಎಂಟು ಸಿಲಿಂಡರುಗಳ ಎಂಜಿನನ್ನು ಚಾಲಕನ ಹಿಂದೆ ಕೂರಿಸಿದ ಕಾರೊಂದನ್ನು ಮಾಡಿ ತೋರಿಸಿದ್ದರು. ಫೋರ್ಡಿನ ಎಂಜಿನಿಯರ್ ರಾಯ್ ಲನ್, ಲೆ ಮಾನ್ ಗೆದ್ದ ಅನುಭವವಿದ್ದ ವ್ಯವಸ್ಥಾಪಕ ಜಾನ್ ವೈಯರ್ ಜತೆಗೂಡಿದರು. ಲಂಡನ್ ಬಳಿಯ ಸ್ಲೌ ಎಂಬಲ್ಲಿ ಕೆಲಸ ಸಾಗಿತು.

ಪರೀಕ್ಷಾ ಚಾಲಕರಾಗಿ ಬ್ರೂಸ್ ಮೆಕ್‌ಲಾರೆನ್ ಆಯ್ಕೆಯಾದರು. ವೇಗವಾಗಿ ಓಡಿಸಬಲ್ಲವರು ಬೇರೆಯೂ ಇದ್ದರು. ಓಡಿಸಿ ಇಳಿದ ಮೇಲೆ ಯಾವ ತಿರುವಿನಲ್ಲಿ ಯಾವ ಚಕ್ರ ಏನು ಮಾಡಿತು, ಏಕೆ ಮಾಡಿತು, ಯಾವ ಭಾಗವನ್ನು ಹೇಗೆ ಬದಲಿಸಬೇಕು ಎಂದು ಎಂಜಿನಿಯರಿಗೆ ಅರ್ಥವಾಗುವಂತೆ ಹೇಳಬಲ್ಲವರು ವಿರಳ. ಗ್ಯಾರೇಜಿನಲ್ಲಿ ಬೆಳೆದವರಿಗೆ ಅದು ಮಾತೃಭಾಷೆಯಂತೆ ಒಲಿದಿತ್ತು.

ಸೋಲಿನ ಎರಡು ವರ್ಷಗಳು

1964ರ ಏಪ್ರಿಲಿನಲ್ಲಿ ಕಾರು ಲೋಕದೆದುರು ಬಂದಿತು. ನೆಲದಿಂದ ಮಾಡಿನವರೆಗೆ ಅದರ ಎತ್ತರ ಸುಮಾರು 40 ಇಂಚು, ಅಂದರೆ ಒಂದು ಮೀಟರಿನಷ್ಟು. ನಮ್ಮ ಹಿರಿಯ ಪ್ರಾಥಮಿಕ ಶಾಲೆಯ ಮಗುವಿನ ಎದೆಮಟ್ಟಕ್ಕೂ ಬಾರದು. ಆ ಎತ್ತರದಿಂದಲೇ ಜಿಟಿ40 ಎಂಬ ಹೆಸರು ರೂಢಿಗೆ ಬಂದಿತು. ನೋಡಲು ಸೊಗಸಾಗಿದ್ದ ಕಾರು ಓಡಿದಾಗ ಮಾತ್ರ ಬೆದರಿಸಿತು. ಲೆ ಮಾನ್ ಸುತ್ತಿನಲ್ಲಿ ಆಗ ಸುಮಾರು 6 ಕಿಲೋಮೀಟರಿನ ನೇರ ಹಾದಿಯಿತ್ತು. ಅಲ್ಲಿ ವೇಗ ಏರಿದಂತೆ ಗಾಳಿ ಕಾರಿನ ಹಿಂಭಾಗವನ್ನು ಮೇಲೆತ್ತುತ್ತಿತ್ತು. ಬಾಲ ಅತ್ತಿತ್ತ ಹೊಯ್ದಾಡುತ್ತಿತ್ತು. ಏಪ್ರಿಲಿನ ಪೂರ್ವಾಭ್ಯಾಸದಲ್ಲಿ ಎರಡು ಕಾರುಗಳೂ ಅಪಘಾತಕ್ಕೀಡಾದವು. ಹಿಂಬದಿಯ ಅಂಚಿನಲ್ಲಿ ಗಾಳಿಯನ್ನು ತಡೆದು ಕಾರನ್ನು ನೆಲಕ್ಕೆ ಒತ್ತುವ ಒಂದು ಸಣ್ಣ ಪಟ್ಟಿಯನ್ನು ಎಬ್ಬಿಸಿದಾಗ ಆ ಹೊಯ್ದಾಟ ಹತೋಟಿಗೆ ಬಂದಿತು.

ಆ ವರ್ಷದ ಮೇ ತಿಂಗಳಲ್ಲಿ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಜಿಟಿ40ರ ಮೊದಲ ಸ್ಪರ್ಧೆ. ಓಡಿಸಿದವರು ಫಿಲ್ ಹಿಲ್ ಮತ್ತು ಬ್ರೂಸ್. ಚಕ್ರದ ಜೋಡಣೆಯ ಭಾಗ ಮುರಿದು ಕಾರು ನಿಂತಿತು. ಜೂನಿನಲ್ಲಿ ಲೆ ಮಾನ್‌ಗೆ ಮೂರು ಕಾರುಗಳು ಹೋದವು. ಒಂದಕ್ಕೆ ಬೆಂಕಿ ಹತ್ತಿತು, ಉಳಿದೆರಡರ ಗಿಯರ್ ಬಾಕ್ಸ್ ಕೆಟ್ಟಿತು. ಒಂದೂ ಓಟ ಮುಗಿಸಲಿಲ್ಲ. 1965ರಲ್ಲಿ ಓಟದ ಹೊಣೆಯನ್ನು ಅಮೆರಿಕದ ಕ್ಯಾರಲ್ ಶೆಲ್ಬಿ ಅವರ ತಂಡಕ್ಕೆ ವಹಿಸಲಾಯಿತು. ಅಲ್ಲಿ ಕೆನ್ ಮೈಲ್ಸ್ ಎಂಬ ಅಸಾಧಾರಣ ಚಾಲಕ, ಮೆಕ್ಯಾನಿಕ್ ಇದ್ದರು. ಹುಟ್ಟಿನಿಂದ ಇಂಗ್ಲಿಷರು, ಮಾತು ನೇರ, ಕೈ ಚುರುಕು. ಎಂಜಿನನ್ನು ಬದಲಿಸಿ 7 ಲೀಟರಿನ ದೈತ್ಯ ಎಂಜಿನನ್ನು ಕೂರಿಸಿದ ಮಾರ್ಕ್ 2 ಸಿದ್ಧವಾಯಿತು. ಆ ವರ್ಷ ಲೆ ಮಾನ್‌ನಲ್ಲಿ ಬ್ರೂಸ್ ಮತ್ತು ಮೈಲ್ಸ್ ಒಂದೇ ಕಾರಿನ ಜೋಡಿ. ಆರಂಭದಲ್ಲಿ ಅವರೇ ಮುಂದಿದ್ದರು. ಆದರೆ ಕತ್ತಲಾಗುವ ಮೊದಲೇ ಗಿಯರ್ ಬಾಕ್ಸ್ ಕೈಕೊಟ್ಟಿತು. ಉಳಿದ ಫೋರ್ಡ್ ಕಾರುಗಳೂ ಒಂದೊಂದಾಗಿ ನಿಂತವು. ಮತ್ತೆ ಫೆರಾರಿಯದೇ ಜಯ.

ಬ್ರೂಸ್ ಅವರ ಬದುಕಿನಲ್ಲಿ ಸಾವಿನ ನೆರಳು ಬಿದ್ದದ್ದೂ ಈ ಕಾಲದಲ್ಲೇ. 1964ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ಲಾಂಗ್‌ಫೋರ್ಡ್‌ನಲ್ಲಿ ಅವರ ತಂಡದ ತರುಣ ಚಾಲಕ ಟಿಮ್ಮಿ ಮೇಯರ್ ಅಪಘಾತದಲ್ಲಿ ತೀರಿಕೊಂಡರು. ಆತನ ಅಣ್ಣ, ವಕೀಲರಾಗಿದ್ದ ಟೆಡ್ಡಿ ಮೇಯರ್, ದುಃಖವನ್ನು ನುಂಗಿಕೊಂಡು ಬ್ರೂಸ್ ಅವರ ತಂಡದ ವ್ಯವಹಾರ ನೋಡಿಕೊಳ್ಳಲು ನಿಂತರು.

ಎರಡು ವರ್ಷಗಳ ಸೋಲು ಫೋರ್ಡಿನ ಎಂಜಿನಿಯರುಗಳಿಗೆ ಪಾಠವಾಯಿತು. ಮುರಿದ ಪ್ರತಿಯೊಂದು ಭಾಗವನ್ನೂ ಮೇಜಿನ ಮೇಲಿಟ್ಟು ಕಾರಣ ಹುಡುಕಿದರು. ಎಂಜಿನನ್ನೂ ಗಿಯರ್ ಬಾಕ್ಸನ್ನೂ ಪ್ರಯೋಗಶಾಲೆಯಲ್ಲಿ ಕೂರಿಸಿ, ಲೆ ಮಾನ್ ಸುತ್ತಿನಲ್ಲಿ ಎಲ್ಲಿ ವೇಗ ಏರುತ್ತದೆ, ಎಲ್ಲಿ ಗಿಯರ್ ಬದಲಾಗುತ್ತದೆ ಎಂಬುದನ್ನೆಲ್ಲ ಯಂತ್ರಗಳ ಮೂಲಕ ಅನುಕರಿಸಿ, ಗಂಟೆಗಟ್ಟಲೆ ಓಡಿಸಿ ಪರೀಕ್ಷಿಸಿದರು. ಭಾರದ ಕಾರನ್ನು ತಡೆಯುವಾಗ ಬ್ರೇಕಿನ ಡಿಸ್ಕುಗಳು ಕೆಂಡದಂತೆ ಕೆಂಪಾಗಿ ಬಿರುಕು ಬಿಡುತ್ತಿದ್ದವು. ಓಟದ ನಡುವೆಯೇ ಅವನ್ನು ಬೇಗನೆ ಬದಲಿಸುವ ಉಪಾಯವನ್ನು ಶೆಲ್ಬಿ ತಂಡದ ಫಿಲ್ ರೆಮಿಂಗ್ಟನ್ ರೂಪಿಸಿದರು. ಅಲ್ಯುಮಿನಿಯಂ ಬಳಸಿದ ಹಗುರ ಮಾದರಿಯೊಂದನ್ನು ಬ್ರೂಸ್ ಅವರ ತಂಡವೇ ಕಟ್ಟಿತು. 1966ರ ಸೀಬ್ರಿಂಗ್ 12 ಗಂಟೆಗಳ ಓಟವನ್ನು ಕೆನ್ ಮೈಲ್ಸ್ ಮತ್ತು ಲಾಯ್ಡ್ ರೂಬಿ ಗೆದ್ದದ್ದು ಆ ಕಾರಿನಲ್ಲಿಯೇ. ಅದಕ್ಕೂ ಮೊದಲು ಡೇಟೋನಾದ 24 ಗಂಟೆಗಳ ಓಟವನ್ನೂ ಅದೇ ಜೋಡಿ ಗೆದ್ದಿತ್ತು.

1966ರ ಜೂನ್: ಗೆಲುವು ಯಾರದು?

1966ರ ಜೂನ್ 18ರಂದು ಲೆ ಮಾನ್‌ನಲ್ಲಿ ಎಂಟು ಮಾರ್ಕ್ 2 ಕಾರುಗಳು ಸಾಲಿನಲ್ಲಿ ನಿಂತವು. ಎರಡನೆಯ ಸಂಖ್ಯೆಯ ಕಪ್ಪು ಕಾರು ಬ್ರೂಸ್ ಮತ್ತು ಅವರ ನಾಡಿನವರೇ ಆದ 22ರ ಹರೆಯದ ಕ್ರಿಸ್ ಏಮನ್ ಅವರದು. ಒಂದನೆಯ ಸಂಖ್ಯೆಯದು ಕೆನ್ ಮೈಲ್ಸ್ ಅವರದು. ಅವರ ಜೋಡಿ ಡೆನ್ನಿ ಹಲ್ಮ್ ಕೂಡ ನ್ಯೂಜಿಲೆಂಡಿಗರು. ಆರಂಭದ ಗಂಟೆಗಳಲ್ಲಿಯೇ ಬ್ರೂಸ್ ಅವರ ಕಾರಿನ ಟಯರುಗಳಿಂದ ರಬ್ಬರಿನ ತುಂಡುಗಳು ಕಿತ್ತು ಹೋಗತೊಡಗಿದವು. ಬೇರೆ ಕಂಪೆನಿಯ ಟಯರ್ ಹಾಕಿಕೊಂಡು, ಕಳೆದ ಸಮಯವನ್ನು ತುಂಬಿಕೊಳ್ಳಲು ಇರುಳಿಡೀ ಬಿರುಸಿನಿಂದ ಓಡಿಸಿದರು. ಮುಂಜಾನೆಯಾಗುವಷ್ಟರಲ್ಲಿ ಫೆರಾರಿಯ ಮುಖ್ಯ ಕಾರುಗಳು ಕೆಟ್ಟು ಬಿದ್ದಿದ್ದವು. ಫೋರ್ಡಿನ ಎಂಟರಲ್ಲಿ ಐದು ನಿಂತಿದ್ದವು. ಓಡುತ್ತಿದ್ದ ಮೂರು ಕಾರುಗಳೇ ಮೊದಲ ಮೂರು ಸ್ಥಾನಗಳಲ್ಲಿದ್ದವು. ಎಲ್ಲಕ್ಕಿಂತ ಮುಂದೆ ಮೈಲ್ಸ್.

ಆಗ ಫೋರ್ಡಿನ ಅಧಿಕಾರಿಗಳು ಒಂದು ತೀರ್ಮಾನಕ್ಕೆ ಬಂದರು. ಮೂರೂ ಕಾರುಗಳು ಒಟ್ಟಾಗಿ ಗೆರೆ ದಾಟಿದರೆ ಕಂಪೆನಿಗೆ ಅಪೂರ್ವ ಚಿತ್ರವೊಂದು ದೊರಕುತ್ತದೆ ಎಂಬುದು ಅವರ ಎಣಿಕೆ. ಮುಂದಿದ್ದ ಮೈಲ್ಸ್ ಅವರಿಗೆ ವೇಗ ತಗ್ಗಿಸಲು ಸೂಚನೆ ಹೋಯಿತು. ಅವರು ಮನಸ್ಸಿಲ್ಲದಿದ್ದರೂ ತಗ್ಗಿಸಿದರು. ಮಳೆಯ ಮಬ್ಬಿನಲ್ಲಿ ಒಂದನೆಯ ಮತ್ತು ಎರಡನೆಯ ಸಂಖ್ಯೆಯ ಕಾರುಗಳು ಬಹುತೇಕ ಜತೆಜತೆಗೇ ಗೆರೆ ದಾಟಿದವು. ಜಂಟಿ ಗೆಲುವೆಂದು ಭಾವಿಸಿದವರಿಗೆ ಓಟದ ನಿಯಮ ಬೇರೆಯದನ್ನೇ ಹೇಳಿತು. ಗೆಲುವು ಹೆಚ್ಚು ದೂರ ಓಡಿದ ಕಾರಿಗೆ. ಬ್ರೂಸ್ ಮತ್ತು ಏಮನ್ ಅವರ ಕಾರು ಆರಂಭದ ಸಾಲಿನಲ್ಲಿ ಕೆಲವು ಮೀಟರ್ ಹಿಂದೆ ನಿಂತಿತ್ತು. ಆದ್ದರಿಂದ ಅಷ್ಟು ದೂರ ಅದು ಹೆಚ್ಚು ಓಡಿದಂತಾಯಿತು. 360 ಸುತ್ತು, 4,800 ಕಿಲೋಮೀಟರಿಗೂ ಹೆಚ್ಚು ದೂರ! ನಮ್ಮ ದೇಶದ ಉತ್ತರ ದಕ್ಷಿಣ ಉದ್ದ 3,214 ಕಿಲೋಮೀಟರ್ ಎಂದು ಮಕ್ಕಳು ಪಾಠದಲ್ಲಿ ಓದಿದ್ದಾರೆ. ಅದರ ಒಂದೂವರೆ ಪಾಲನ್ನು ಒಂದೇ ದಿನದಲ್ಲಿ ಓಡಿದ ಕಾರುಗಳ ಜಯಾಪಜಯ ಕೆಲವೇ ಮೀಟರುಗಳಲ್ಲಿ ತೀರ್ಮಾನವಾಯಿತು.

ಲೆ ಮಾನ್ ಗೆದ್ದ ಮೊದಲ ಅಮೆರಿಕನ್ ಕಂಪೆನಿಯೆಂಬ ಕೀರ್ತಿ ಫೋರ್ಡಿಗೆ ಬಂದಿತು. ಬ್ರೂಸ್ ಮತ್ತು ಏಮನ್ ವಿಜಯ ವೇದಿಕೆಯೇರಿದರು. ಅದೇ ವರ್ಷ ಡೇಟೋನಾ, ಸೀಬ್ರಿಂಗ್ ಗೆದ್ದಿದ್ದ ಕೆನ್ ಮೈಲ್ಸ್ ಅವರಿಗೆ ಮೂರನೆಯ ಕಿರೀಟ ಕೈಜಾರಿತು. ಎರಡು ತಿಂಗಳು ಕಳೆಯುವ ಮೊದಲೇ, ಆಗಸ್ಟ್ 17ರಂದು, ಫೋರ್ಡಿನ ಹೊಸ ಮಾದರಿಯನ್ನು ಅಮೆರಿಕದ ರಿವರ್‌ಸೈಡ್‌ನಲ್ಲಿ ಪರೀಕ್ಷಿಸುತ್ತಿದ್ದಾಗ ಅಪಘಾತವಾಗಿ ಅವರು ಅಸುನೀಗಿದರು. ಕಳೆದದ್ದನ್ನು ಮರಳಿ ಪಡೆಯುವ ಅವಕಾಶ ಅವರಿಗೆ ದೊರಕಲಿಲ್ಲ.

ಈ ಭಾಗವನ್ನು ಮಕ್ಕಳಿಗೆ ಹೇಳುವಾಗ ನಾವು ಯಾರನ್ನೂ ಖಳನನ್ನಾಗಿಸಬೇಕಿಲ್ಲ. ಆದರೆ ಸತ್ಯವನ್ನು ಮುಚ್ಚಲೂ ಬಾರದು. ನಿಯಮದ ಪ್ರಕಾರ ಗೆಲುವು ಬ್ರೂಸ್ ಮತ್ತು ಏಮನ್ ಅವರದು. ಅವರ ಇರುಳಿನ ದುಡಿಮೆಯೂ ಸಣ್ಣದಲ್ಲ. ನ್ಯಾಯದ ತಕ್ಕಡಿಯಲ್ಲಿ ಮೈಲ್ಸ್ ಅವರ ಪಾಲು ಇಂದಿಗೂ ತೂಗುತ್ತಿದೆ. ದಾಖಲೆಯ ಪುಸ್ತಕದಲ್ಲಿ ಒಂದು ಸಾಲು ಮಾತ್ರ ಇರುತ್ತದೆ. ಆ ಸಾಲಿನ ಹಿಂದೆ ಯಾರೆಲ್ಲ ಇದ್ದರೆಂದು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸುವುದು ಚರಿತ್ರೆಯ ಪಾಠದ ಕೆಲಸ.

ಜಿಟಿ40ರ ವಂಶ ಅಲ್ಲಿಗೆ ನಿಲ್ಲಲಿಲ್ಲ. 1967ರಲ್ಲಿ ಅದರ ಮುಂದಿನ ರೂಪವಾದ ಮಾರ್ಕ್ 4 ಲೆ ಮಾನ್ ಗೆದ್ದಿತು. ಅದೇ ವರ್ಷದ ಸೀಬ್ರಿಂಗ್ ಓಟವನ್ನು ಮಾರಿಯೊ ಆಂಡ್ರೆಟ್ಟಿ ಅವರೊಡನೆ ಬ್ರೂಸ್ ಗೆದ್ದದ್ದು ಆ ಮಾದರಿಯಲ್ಲಿಯೇ. 1968 ಮತ್ತು 1969ರಲ್ಲಿ ಜಾನ್ ವೈಯರ್ ಅವರ ತಂಡದ ಜಿಟಿ40 ಕಾರು ಲೆ ಮಾನ್‌ನಲ್ಲಿ ಮೊದಲಿಗನಾಯಿತು. ಎರಡು ವರ್ಷವೂ ಗೆದ್ದದ್ದು ಒಂದೇ ಕಾರು! ಮೊದಲ ಮೂರು ಓಟಗಳಲ್ಲಿ ಮುರಿದು ನಿಂತ ವಿನ್ಯಾಸ ನಾಲ್ಕು ವರ್ಷಗಳ ತಿದ್ದುಪಡಿಯಿಂದ ಅಷ್ಟು ಗಟ್ಟಿಯಾಗಿತ್ತು.

ತಮ್ಮ ಹೆಸರಿನ ಕಾರು

ಫೋರ್ಡಿಗಾಗಿ ದುಡಿಯುತ್ತಿದ್ದಾಗಲೇ ಬ್ರೂಸ್ ತಮ್ಮ ತಂಡವನ್ನು ಬೆಳೆಸಿದರು. 1966ರಲ್ಲಿ ಮೆಕ್‌ಲಾರೆನ್ ಹೆಸರಿನ ಕಾರು ಮೊದಲ ಬಾರಿಗೆ ಫಾರ್ಮುಲಾ 1ರಲ್ಲಿ ಓಡಿತು. 1968ರ ಜೂನ್ 9ರಂದು ಬೆಲ್ಜಿಯಂನ ಸ್ಪಾದಲ್ಲಿ ಮುಂದಿದ್ದ ಕಾರಿಗೆ ಇಂಧನ ಸಾಲದೆ ಬ್ರೂಸ್ ಗೆದ್ದರು. ತಾನು ಎರಡನೆಯವನೆಂದೇ ಭಾವಿಸಿಕೊಂಡು ಬಂದವರಿಗೆ ಇಳಿದ ಮೇಲೆಯೇ ಗೆಲುವು ತಿಳಿಯಿತು. ತಾನೇ ಕಟ್ಟಿದ, ತನ್ನ ಹೆಸರನ್ನೇ ಹೊತ್ತ ಕಾರಿನಲ್ಲಿ ಗ್ರ್ಯಾಂಡ್ ಪ್ರಿ ಗೆದ್ದವರು ಲೋಕದಲ್ಲಿ ಬೆರಳೆಣಿಕೆಯಷ್ಟು. ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆಯುತ್ತಿದ್ದ ಕ್ಯಾನ್-ಆಮ್ ಸರಣಿಯಲ್ಲಿ ಅವರ ಕಿತ್ತಳೆ ಕಾರುಗಳು ಎದುರಾಳಿಗಳೇ ಇಲ್ಲದಂತೆ ಮೆರೆದವು. 1969ರ 11 ಓಟಗಳಲ್ಲಿ ಹನ್ನೊಂದನ್ನೂ ಬ್ರೂಸ್ ಮತ್ತು ಡೆನ್ನಿ ಹಲ್ಮ್ ಹಂಚಿಕೊಂಡರು.

1970ರ ಜೂನ್ 2. ಇಂಗ್ಲೆಂಡಿನ ಗುಡ್‌ವುಡ್ ಓಟದಂಗಳದಲ್ಲಿ ಹೊಸ ಕ್ಯಾನ್-ಆಮ್ ಕಾರನ್ನು ಬ್ರೂಸ್ ಪರೀಕ್ಷಿಸುತ್ತಿದ್ದರು. ವೇಗದಲ್ಲಿದ್ದಾಗ ಹಿಂಬದಿಯ ಹೊದಿಕೆ ಕಳಚಿ ಹಾರಿತು. ಹಿಡಿತ ತಪ್ಪಿದ ಕಾರು ಅಡ್ಡಗಟ್ಟೆಗೆ ಅಪ್ಪಳಿಸಿತು. ಸ್ಥಳದಲ್ಲಿಯೇ ಅವರು ಕೊನೆಯುಸಿರೆಳೆದರು. ವಯಸ್ಸು 32. ಪತ್ನಿ ಪ್ಯಾಟಿ ಮತ್ತು ಪುಟ್ಟ ಮಗಳು ಅಮಾಂಡಾ ಅವರನ್ನು ಅಗಲಿದರು.

ಟೆಡ್ಡಿ ಮೇಯರ್ ತಂಡದವರನ್ನು ಮನೆಗೆ ಹೋಗಿರಿ, ಮರುದಿನ ಬರಬೇಕಿಲ್ಲವೆಂದು ಕಳುಹಿಸಿದರು. ಮರುದಿನ ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಬಂದಿದ್ದರು. ಹನ್ನೆರಡೇ ದಿನಗಳಲ್ಲಿ ಕೆನಡಾದಲ್ಲಿ ಸರಣಿಯ ಮೊದಲ ಓಟ. ಅದಕ್ಕೂ ಮುನ್ನ ಬೇರೊಂದು ಅವಘಡದಲ್ಲಿ ಕೈಗಳು ಸುಟ್ಟಿದ್ದ ಡೆನ್ನಿ ಹಲ್ಮ್ ಆ ಗಾಯದಲ್ಲೇ ಓಡಿಸಿದರು. ತಂಡಕ್ಕೆ ಸೇರಿಕೊಂಡ ಡ್ಯಾನ್ ಗರ್ನಿ ಆ ಓಟವನ್ನು ಗೆದ್ದರು. ಆ ವರ್ಷದ ಸರಣಿಯೂ ಮೆಕ್‌ಲಾರೆನ್ ತಂಡದ್ದೇ ಆಯಿತು. 1974ರಲ್ಲಿ ಫಾರ್ಮುಲಾ 1 ವಿಶ್ವ ಚಾಂಪಿಯನ್ ಪಟ್ಟ ಬಂದಿತು. 1995ರಲ್ಲಿ, ಬ್ರೂಸ್ ಅವರು ಜಿಟಿ40 ಓಡಿಸಿ ಗೆದ್ದ 29 ವರ್ಷಗಳ ಬಳಿಕ, ಅವರ ಹೆಸರಿನ ಕಾರೇ ಲೆ ಮಾನ್ 24 ಗಂಟೆಗಳ ಓಟದಲ್ಲಿ ಜಯಶಾಲಿಯಾಯಿತು.

ಒಂದು ಮಾತನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು. ಮುಚ್ಚಿದ ರಸ್ತೆಯಲ್ಲಿ, ಹೆಲ್ಮೆಟ್ ಧರಿಸಿ, ವರ್ಷಗಟ್ಟಲೆ ಪಳಗಿದ ಬ್ರೂಸ್ ಅವರನ್ನೂ ಮೈಲ್ಸ್ ಅವರನ್ನೂ ವೇಗ ಬಲಿ ತೆಗೆದುಕೊಂಡಿತು. ಹಾಗಿರುವಾಗ ಬಸ್ಸು, ಲಾರಿ, ಶಾಲಾ ಮಕ್ಕಳು ತುಂಬಿದ ನಮ್ಮ ಹೆದ್ದಾರಿಯಲ್ಲಿ ಬೈಕನ್ನು ಹಾರಿಸುವುದು ಸಾಹಸವೆನಿಸದು. ಈ ಬದುಕಿನಿಂದ ಕಲಿಯಲು ಬೇರೆಯದಿದೆ: ಬಿಡಿಭಾಗಗಳನ್ನು ಜೋಡಿಸುವ ತಾಳ್ಮೆ, ಕೆಟ್ಟದ್ದು ಏಕೆ ಕೆಟ್ಟಿತೆಂದು ಕೇಳುವ ಬುದ್ಧಿ, ತಾನಿಲ್ಲದಾಗಲೂ ನಡೆಯುವಂತೆ ಜತೆಗಾರರನ್ನು ತಯಾರು ಮಾಡುವ ಮನಸ್ಸು.

ಆಕ್ಲೆಂಡಿನ ಹೆಂಡರ್ಸನ್ ಎಂಬಲ್ಲಿ ಇಂದು ಒಂದು ಶಾಲೆಯಿದೆ. ಹನ್ನೊಂದು ಹನ್ನೆರಡು ವರ್ಷದ ಮಕ್ಕಳು ಅಲ್ಲಿ ಓದುತ್ತಾರೆ. ಬ್ರೂಸ್ ಮಂಚದಿಂದ ಎದ್ದು ಮತ್ತೆ ನಡೆಯತೊಡಗಿದ್ದು ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ. ಶಾಲೆಯ ಹೆಸರು ಬ್ರೂಸ್ ಮೆಕ್‌ಲಾರೆನ್ ಇಂಟರ್‌ಮೀಡಿಯೇಟ್ ಸ್ಕೂಲ್. ಆಟೋಟದ ದಿನ ಬದಿಯಲ್ಲಿ ಕೂರುವ ಮಗು ನಮ್ಮ ಶಾಲೆಯಲ್ಲಿದ್ದರೆ, ಈ ಕಥೆಯನ್ನು ಮೊದಲು ಓದಿ ಹೇಳಬೇಕಾದದ್ದು ಆ ಮಗುವಿಗೆ.